ಮನೆಯ ಸದ್ದಿಗೆ ಮ್ಯೂಟ್ ಒತ್ತದ ಆಲ್ಬಮ್

ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಇಂಜಿನಿಯರಿಂಗ್ ಓದೋರ ಕಣ್ಣಿಗೆ ಬೀಳಲೇಬೇಕಾದ ಒಂದು ವಿಭಾಗ ಇದೆ. ಹೆಸರು 'ಬೆಸ್ಟ್ ಇಂಜಿನಿಯರ್ಡ್ ಆಲ್ಬಮ್, ನಾನ್-ಕ್ಲಾಸಿಕಲ್'. ಹಾಡು ಯಾರು ಬರೆದ್ರು, ಯಾರು ಹಾಡಿದ್ರು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಧ್ವನಿಯನ್ನ ಹೇಗೆ ಹಿಡಿದ್ರು, ಹೇಗೆ ಬೆರೆಸಿದ್ರು, ಕೊನೆಗೆ ಕಿವಿಗೆ ಹೇಗೆ ತಲುಪಿಸಿದ್ರು ಅನ್ನೋ ಕೆಲಸಕ್ಕೆ ಕೊಡೋ ಪ್ರಶಸ್ತಿ ಇದು. 2020ರ ಜನವರಿ 26ರಂದು ಲಾಸ್ ಏಂಜಲಿಸ್‌ನಲ್ಲಿ ಇದನ್ನ ಗೆದ್ದ ಆಲ್ಬಮ್ ಬಹುಪಾಲು ರೆಕಾರ್ಡ್ ಆಗಿದ್ದು ಅದೇ ಊರಿನ ಹೈಲ್ಯಾಂಡ್ ಪಾರ್ಕ್ ಬಡಾವಣೆಯ ಒಂದು ಚಿಕ್ಕ ಮನೆಯ ಬೆಡ್‌ರೂಮಿನಲ್ಲಿ. ಹಾಡೋಳು ಮಂಚದ ಮೇಲೆ ಕೂತು ಹಾಡ್ತಿದ್ಲು.

ಆಲ್ಬಮ್ಮಿನ ಹೆಸರು 'ವೆನ್ ವಿ ಆಲ್ ಫಾಲ್ ಅಸ್ಲೀಪ್, ವೇರ್ ಡು ವಿ ಗೋ?' ನಾವೆಲ್ಲ ನಿದ್ದೆಗೆ ಜಾರಿದಾಗ ಎಲ್ಲಿಗೆ ಹೋಗ್ತೀವಿ ಅಂತ ಅರ್ಥ. ಹಾಡಿದ್ದು ಬಿಲ್ಲಿ ಐಲಿಶ್. ಹಾಡುಗಳನ್ನ ಕಟ್ಟಿದ್ದು ಅವಳು ಮತ್ತು ಅವಳ ಅಣ್ಣ ಫಿನಿಯಸ್ ಓಕಾನೆಲ್. ಬೆಡ್‌ರೂಮ್ ಅಣ್ಣನದ್ದು. 2019ರ ಮಾರ್ಚ್ 29ರಂದು ಆಲ್ಬಮ್ ಬಂದಾಗ ಬಿಲ್ಲಿಗೆ 17 ವರ್ಷ, ಫಿನಿಯಸ್‌ಗೆ 21. ಅಂದ್ರೆ ತಂಗಿ ನಮ್ಮ ಸೆಕೆಂಡ್ ಪಿಯುಸಿ ವಯಸ್ಸಿನವಳು, ಅಣ್ಣ ನಮ್ಮ ಫೈನಲ್ ಇಯರ್ ಸೀನಿಯರ್ ವಯಸ್ಸಿನವನು. ಆ ರಾತ್ರಿ ಬಿಲ್ಲಿಗೆ ಐದು ಗ್ರ್ಯಾಮಿ ಬಂತು, ಫಿನಿಯಸ್‌ಗೂ ಹಲವು ಬಂತು. ವರ್ಷದ ಆಲ್ಬಮ್, ವರ್ಷದ ರೆಕಾರ್ಡ್, ವರ್ಷದ ಹಾಡು, ಅತ್ಯುತ್ತಮ ಹೊಸ ಕಲಾವಿದೆ ಅನ್ನೋ ನಾಲ್ಕು ದೊಡ್ಡ ಪ್ರಶಸ್ತಿಗಳನ್ನ ಒಂದೇ ರಾತ್ರಿಯಲ್ಲಿ ಗೆದ್ದವರು ಬಿಲ್ಲಿಗಿಂತ ಮೊದಲು ಒಬ್ಬರೇ ಇದ್ರು, 1981ರಲ್ಲಿ ಕ್ರಿಸ್ಟೋಫರ್ ಕ್ರಾಸ್.

ಈ ಕಥೆ ನಮ್ಮ ಕ್ಯಾಂಟೀನ್ ಟೇಬಲ್‌ಗೆ ಬರೋವಾಗ ಎರಡು ರೂಪದಲ್ಲಿ ಬರುತ್ತೆ. ಮೊದಲನೇದು ಮೋಟಿವೇಶನ್ ರೀಲ್ ರೂಪ: 'ಒಂದು ಲ್ಯಾಪ್‌ಟಾಪ್, ಒಂದು ಮೈಕ್ ಸಾಕು ಮಗಾ, ಪ್ರಪಂಚ ಗೆಲ್ಲಬಹುದು.' ಎರಡನೇದು ಅದಕ್ಕೆ ಕೊಡೋ ಉತ್ತರ: 'ಅವರಪ್ಪ ಅಮ್ಮ ಆ್ಯಕ್ಟರ್ಸು, ಊರು ಲಾಸ್ ಏಂಜಲಿಸ್, ಹಿಂದೆ ದೊಡ್ಡ ಲೇಬಲ್ಲು. ನಮಗೂ ಅವರಿಗೂ ಏನ್ ಸಂಬಂಧ?' ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದ್ರೆ ಎರಡೂ ಕಡೆಯವರು ಆಲ್ಬಮ್ಮನ್ನ ಕೂತು ಕೇಳೋ ಮೊದಲೇ ತೀರ್ಪು ಕೊಟ್ಟುಬಿಡ್ತಾರೆ.

ಕೇಳಿದ್ರೆ ಬೇರೆ ಒಂದು ವಿಷಯ ಗೊತ್ತಾಗುತ್ತೆ. ಮನೆಯಲ್ಲಿ ಮಾಡಿದ ಆಲ್ಬಮ್ ಅಂದಾಗ ನಾವು ಕಡಿಮೆ ಖರ್ಚಿನ ಆಲ್ಬಮ್ ಅಂತ ಅಂದ್ಕೋತೀವಿ. ಇದು ಮನೆಯ ಸದ್ದು, ಮನೆಯ ಭಯ, ಮನೆಯಲ್ಲಿ ಆಡೋ ಮಾತು, ಎಲ್ಲವನ್ನೂ ಒಳಗೆ ಬಿಟ್ಟುಕೊಂಡಿರೋ ಆಲ್ಬಮ್. ನಮ್ಮ ಕ್ಯಾಂಪಸ್ಸುಗಳಿಂದ, ಅದರಲ್ಲೂ ಕನ್ನಡದಲ್ಲಿ, ಇಂಥ ಒಂದು ಆಲ್ಬಮ್ ಬರೋಕೆ ಅಡ್ಡ ಇರೋದು ಮೈಕ್ ಅಲ್ಲ ಅನ್ನೋದು ನಮ್ಮ ವಾದ. ನಮ್ಮ ಮನೆ ಸದ್ದೂ ನಮ್ಮ ಮಾತೂ ಹಾಡಿಗೆ ಲಾಯಕ್ಕಿಲ್ಲ ಅನ್ನೋ ನಂಬಿಕೆ ಅಡ್ಡ ನಿಂತಿದೆ.

ಮೊದಲು ಮೈಕ್ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಎಲ್ಲರೂ ಮೊದಲು ಕೇಳೋದು ಅದನ್ನೇ.

ಫಿನಿಯಸ್ ಕೋಣೆಯಲ್ಲಿ ಇದ್ದಿದ್ದು ಕಂಪ್ಯೂಟರಿನಲ್ಲಿ ಲಾಜಿಕ್ ಪ್ರೊ ಸಾಫ್ಟ್‌ವೇರ್, ಒಂದು ಆಡಿಯೋ ಇಂಟರ್‌ಫೇಸ್, ಒಳ್ಳೆ ಮೈಕ್, ಒಂದು ಜೊತೆ ಸ್ಪೀಕರ್, ಕೀಬೋರ್ಡು, ಗಿಟಾರು. ಇದು ನಮ್ಮ ಜೇಬಿಗೆ ಅಗ್ಗ ಅಲ್ಲ, ಆದ್ರೆ ಯಾವ ಗುಟ್ಟಿನ ಯಂತ್ರವೂ ಇದರಲ್ಲಿ ಇಲ್ಲ. ಸಿಗ್ನಲ್ಸ್ ಕ್ಲಾಸಲ್ಲಿ ಸ್ಯಾಂಪ್ಲಿಂಗ್ ಥಿಯರಮ್ ಓದಿರೋ ಯಾರಿಗಾದ್ರೂ ಇದು ಅರ್ಥ ಆಗುತ್ತೆ. ಮನುಷ್ಯರ ಕಿವಿ ಕೇಳೋದು ಹೆಚ್ಚು ಅಂದ್ರೆ 20 ಕಿಲೋಹರ್ಟ್ಸ್ ತನಕ. ಸೆಕೆಂಡಿಗೆ 44,100 ಸ್ಯಾಂಪಲ್ ತಗೊಂಡ್ರೆ ಅದು ಪೂರ್ತಿ ಸಿಕ್ಕಿಬಿಡುತ್ತೆ. ಆ ಕೆಲಸ ಮಾಡೋ ಚಿಪ್ಪು ಈಗ ಸಾಧಾರಣ ಇಂಟರ್‌ಫೇಸ್‌ನಲ್ಲೂ ಇದೆ, ಫೋನಲ್ಲೂ ಇದೆ. ಟೇಪ್ ಕಾಲದಲ್ಲಿ ಟ್ರ್ಯಾಕ್‌ಗಳ ಸಂಖ್ಯೆಗೆ ಮಿತಿ ಇತ್ತು, ಒಂದೊಂದು ಗಂಟೆ ಸ್ಟುಡಿಯೋ ಬಾಡಿಗೆಗೂ ದುಡ್ಡು ಕೊಡಬೇಕಿತ್ತು. ಈಗ ಒಂದೇ ಪದವನ್ನ ಹತ್ತಾರು ಸಲ ಹಾಡಿ, ಚೆನ್ನಾಗಿ ಬಂದಿದ್ದನ್ನ ಉಳಿಸ್ಕೊಂಡು ಜೋಡಿಸಬಹುದು. ಈ ಅಣ್ಣ ತಂಗಿ ಮಾಡಿದ್ದೂ ಹಾಗೇನೇ. ಕೇಳೋಕೆ ಒಂದೇ ಉಸಿರಲ್ಲಿ ಹಾಡಿದ ಹಾಗಿರೋ ಸಾಲು ಎಷ್ಟೋ ಟೇಕ್‌ಗಳಿಂದ ಆರಿಸಿ ಹೊಲಿದಿರೋದು.

ಹಾಗಂತ ಕೋಣೆ ಏನೂ ತೊಂದರೆ ಕೊಡಲ್ಲ ಅಂತಲ್ಲ. ಚಿಕ್ಕ ಕೋಣೆಯ ದೊಡ್ಡ ಶತ್ರು ಬೇಸ್. ಒಂದು ಲೆಕ್ಕ ಹಾಕಿ. ಗೋಡೆಯಿಂದ ಗೋಡೆಗೆ 3.43 ಮೀಟರ್ ಇದೆ ಅಂದ್ಕೊಳ್ಳಿ, ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ವೇಗವನ್ನ ಉದ್ದದ ಎರಡರಷ್ಟರಿಂದ ಭಾಗಿಸಿದ್ರೆ 50 ಹರ್ಟ್ಸ್. ಆ ಕೋಣೆಯಲ್ಲಿ 50 ಹರ್ಟ್ಸ್ ಸುತ್ತಮುತ್ತಲ ಸ್ವರ ಗೋಡೆ ಹತ್ತಿರ ಗುಡುಗುತ್ತೆ, ಕೋಣೆ ಮಧ್ಯಕ್ಕೆ ಬಂದ್ರೆ ಮಾಯ ಆಗುತ್ತೆ. ಬೇಸ್ ಎಷ್ಟಿದೆ ಅಂತ ಕಿವಿ ಹೇಳೋದನ್ನ ನಂಬೋಕಾಗಲ್ಲ. 'ಬ್ಯಾಡ್ ಗೈ' ಹಾಡು ನಿಂತಿರೋದೇ ಬೇಸ್ ಮೇಲೆ, 'ಝ್ಯಾನಿ' ಹಾಡಿನಲ್ಲಿ ಬೇಸ್ ಬೇಕಂತಲೇ ಒಡೆದುಹೋಗುತ್ತೆ. ಇಂಥದ್ದನ್ನ ಬೆಡ್‌ರೂಮಲ್ಲಿ ಕೂತು ಪೂರ್ತಿ ತೂಗಿ ನೋಡೋದು ಕಷ್ಟ. ಆಲ್ಬಮ್ಮಿನ ಮಿಕ್ಸಿಂಗ್ ಮಾಡಿದ್ದು ರಾಬ್ ಕಿನೆಲ್ಸ್ಕಿ, ಮಾಸ್ಟರಿಂಗ್ ಮಾಡಿದ್ದು ಜಾನ್ ಗ್ರೀನ್‌ಹ್ಯಾಮ್. ಇಬ್ಬರೂ ವೃತ್ತಿಯವರು. ಆ ಇಂಜಿನಿಯರಿಂಗ್ ಪ್ರಶಸ್ತಿಯಲ್ಲಿ ಫಿನಿಯಸ್ ಹೆಸರಿನ ಜೊತೆ ಇವರಿಬ್ಬರ ಹೆಸರೂ ಇದೆ. 'ಎಲ್ಲಾ ಬೆಡ್‌ರೂಮಲ್ಲೇ ಆಯ್ತು' ಅನ್ನೋ ರೀಲ್‌ಗಳು ಇದನ್ನ ಹೇಳಲ್ಲ.

ಧ್ವನಿಯ ವಿಷಯಕ್ಕೆ ಬಂದ್ರೆ ಚಿಕ್ಕ ಕೋಣೆಯಿಂದ ಅನುಕೂಲವೂ ಇದೆ. ಬಿಲ್ಲಿ ಕಿರುಚಿ ಹಾಡೋಳಲ್ಲ, ಕಿವಿ ಹತ್ತಿರ ಬಂದು ಪಿಸುಗುಟ್ಟಿದ ಹಾಗೆ ಹಾಡ್ತಾಳೆ. ಮೈಕ್‌ಗೆ ಹತ್ತಿರ ಕೂತು ಮೆಲ್ಲಗೆ ಹಾಡಿದ್ರೆ ಬಾಯಿಂದ ನೇರ ಬರೋ ಧ್ವನಿ ಜಾಸ್ತಿ, ಗೋಡೆಗೆ ಬಡಿದು ವಾಪಸ್ ಬರೋ ಧ್ವನಿ ಕಡಿಮೆ. ಹಾಸಿಗೆ, ದಿಂಬು, ಪರದೆ ಇರೋ ಕೋಣೆ ಉಳಿದ ಪ್ರತಿಧ್ವನಿಯನ್ನೂ ಸ್ವಲ್ಪ ನುಂಗುತ್ತೆ. ದೊಡ್ಡ ಹಾಲಿನಲ್ಲಿ ನಿಂತು ಎದೆ ತುಂಬಿ ಹಾಡೋ ಗಾಯಕಿಯನ್ನ ಈ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ರೆ ಡಬ್ಬಿಯೊಳಗೆ ಹಾಡಿದ ಹಾಗೆ ಕೇಳ್ತಿತ್ತು. ಬಿಲ್ಲಿಯ ಗಂಟಲಿಗೆ ಆ ಕೋಣೆಯ ಅಳತೆ ಸರಿಹೋಯ್ತು. ಇರೋ ಜಾಗ ಯಾವ ಥರದ ಹಾಡಿಗೆ ಒಗ್ಗುತ್ತೆ ಅಂತ ತಿಳ್ಕೊಳ್ಳೋದೂ ಇಂಜಿನಿಯರಿಂಗೇ.

ಇನ್ನು ಸದ್ದುಗಳಿಗೆ ಬರೋಣ. ಆಲ್ಬಮ್ಮಿನ ಮೊದಲ ಟ್ರ್ಯಾಕ್ ಹಾಡೇ ಅಲ್ಲ, ಕಾಲು ನಿಮಿಷವೂ ಇಲ್ಲದ ಒಂದು ತುಣುಕು. ಬಿಲ್ಲಿ ಹಲ್ಲು ಸರಿಮಾಡೋಕೆ ಹಾಕ್ಕೊಂಡಿದ್ದ ಪ್ಲಾಸ್ಟಿಕ್ ಅಲೈನರನ್ನ ಬಾಯಿಂದ ತೆಗೀತಾಳೆ, ಅದರ ಸದ್ದು ಕೇಳುತ್ತೆ, ಆಲ್ಬಮ್ ಬಂತು ಅಂತಾಳೆ, ಇಬ್ಬರೂ ಬಿದ್ದುಬಿದ್ದು ನಗ್ತಾರೆ. ಯಾವುದೇ ದೊಡ್ಡ ಸ್ಟುಡಿಯೋದಲ್ಲಿ ಈ ತುಣುಕು ಮೊದಲು ಡಿಲೀಟ್ ಆಗೋ ಫೈಲ್. ಇವರು ಅದನ್ನ ಬಾಗಿಲಲ್ಲೇ ಇಟ್ಟಿದ್ದಾರೆ. 'ಬರಿ ಅ ಫ್ರೆಂಡ್' ಹಾಡಿನಲ್ಲಿ ಹಲ್ಲಿನ ಡಾಕ್ಟರ ಡ್ರಿಲ್ ಸದ್ದು ಇದೆ. 'ಬ್ಯಾಡ್ ಗೈ' ಹಾಡಿನ ತಾಳದಲ್ಲಿ ಆಸ್ಟ್ರೇಲಿಯಾದ ರಸ್ತೆ ದಾಟೋ ಸಿಗ್ನಲ್ಲಿನ ಟಕಟಕ ಸದ್ದು ಸೇರಿದೆ. ಬಿಲ್ಲಿ ಅದನ್ನ ಫೋನಲ್ಲಿ ಹಿಡ್ಕೊಂಡು ಬಂದಿದ್ಲು. ಆ ಹಾಡು 2019ರ ಆಗಸ್ಟಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. 'ಯು ಶುಡ್ ಸೀ ಮಿ ಇನ್ ಅ ಕ್ರೌನ್' ಶುರುವಾಗೋದು ಚಾಕು ಮಸೆಯೋ ಸದ್ದಿನಿಂದ.

ಇವೆಲ್ಲ ಗಿಮಿಕ್ ಅಲ್ವಾ ಅಂತ ಕೇಳಬಹುದು. ಒಂದೇ ಒಂದು ಹಾಡಲ್ಲಿ ಇದ್ದಿದ್ರೆ ಹೌದು ಅನ್ನಬಹುದಿತ್ತು. ಇಡೀ ಆಲ್ಬಮ್ ಕೇಳಿದ್ರೆ ಇದು ಅವರ ಅಭ್ಯಾಸ ಅಂತ ಗೊತ್ತಾಗುತ್ತೆ. ದಿನಾ ಕಿವಿಗೆ ಬೀಳೋದರಲ್ಲಿ ತಾಳ ಹುಡುಕೋದು, ರೆಕಾರ್ಡ್ ಬಟನ್ ಒತ್ತೋಕೆ ಫೋನ್ ಯಾವಾಗಲೂ ರೆಡಿ ಇರೋದು. ಸ್ಯಾಂಪಲ್ ಪ್ಯಾಕ್ ಡೌನ್‌ಲೋಡ್ ಮಾಡಿದ್ರೆ ಪ್ರಪಂಚದ ಲಕ್ಷ ಜನರ ಹತ್ತಿರ ಇರೋ ಡ್ರಮ್ಮೇ ನಿಮಗೂ ಸಿಗುತ್ತೆ. ಹಲ್ಲಿನ ಡ್ರಿಲ್ ಆ ಹುಡುಗಿ ಬಾಯಿಗೇ ಬಂದಿದ್ದು. ಕೇಳೋರಿಗೆ ಅದು ಏನು ಅಂತ ಹೇಳದೇ ಇದ್ರೂ ಮೈ ಜುಮ್ ಅನ್ನುತ್ತೆ.

ಇದೇ ಜಾಗದಲ್ಲಿ ಇನ್ನೊಂದು ಮಾತು. 'ಮೈ ಸ್ಟ್ರೇಂಜ್ ಅಡಿಕ್ಷನ್' ಹಾಡಿನಲ್ಲಿ 'ದಿ ಆಫೀಸ್' ಅನ್ನೋ ಟಿವಿ ಸೀರೀಸಿನ ಮಾತುಗಳು ಬರುತ್ತೆ. ಅದನ್ನ ಹಾಗೇ ಎತ್ತಿ ಹಾಕಲಿಲ್ಲ, ಆ ನಟರ ಒಪ್ಪಿಗೆ ಕೇಳಿ ತಗೊಂಡ್ರು. ಯೂಟ್ಯೂಬಿಂದ 'ಫ್ರೀ ಬೀಟ್' ಇಳಿಸಿ ಅದರ ಮೇಲೆ ರ‍್ಯಾಪ್ ಹಾಕಿ ನಮ್ಮ ಹಾಡು ಅಂತ ಬಿಡೋ ಮುಂಚೆ, ಡಿಸ್ಕ್ರಿಪ್ಶನ್ನಲ್ಲಿ ಫ್ರೀ ಅಂದ್ರೆ ಯಾವುದಕ್ಕೆ ಫ್ರೀ ಅಂತ ಓದೋದು ಒಳ್ಳೇದು.

ಹಾಡಿನ ವಿಷಯವೂ ಆ ಮನೆಯದ್ದೇ. ಆಲ್ಬಮ್ಮಿನ ಹೆಸರೇ ಹೇಳೋ ಹಾಗೆ ಇಲ್ಲಿ ನಿದ್ದೆ, ಕೆಟ್ಟ ಕನಸು, ಮಂಚದ ಕೆಳಗೆ ಏನೋ ಇದೆ ಅನ್ನೋ ಭಯ ತುಂಬಿಕೊಂಡಿದೆ. ನಿದ್ದೆಯಲ್ಲಿ ಎಚ್ಚರ ಆದ್ರೂ ಕೈಕಾಲು ಆಡದ ಸ್ಥಿತಿ ಇರುತ್ತಲ್ಲ, ಸ್ಲೀಪ್ ಪ್ಯಾರಾಲಿಸಿಸ್, ಅದನ್ನ ಅನುಭವಿಸಿದ್ದರ ಬಗ್ಗೆ ಬಿಲ್ಲಿ ಎಷ್ಟೋ ಕಡೆ ಮಾತಾಡಿದ್ದಾಳೆ. 'ಝ್ಯಾನಿ' ಪಾರ್ಟಿಗಳಲ್ಲಿ ಮಾತ್ರೆ ನುಂಗಿ ಕೂರೋ ಗೆಳೆಯರನ್ನ ನೋಡ್ತಾ ಕೂತವಳ ಹಾಡು. ಪ್ರೀತಿ ಗೀತೆ ಬರೀಬೇಕು, ಹಿಟ್ ಆಗಬೇಕು ಅಂತ ಹೊರಟವರು ಆರಿಸೋ ವಿಷಯಗಳಲ್ಲ ಇವು. ಹದಿನೇಳು ವರ್ಷದವರು ರಾತ್ರಿ ಎರಡು ಗಂಟೆಗೆ ಯೋಚನೆ ಮಾಡೋ ವಿಷಯಗಳು. ಭಾಷೆನೂ ಅಷ್ಟೇ. ಇಂಗ್ಲಿಷ್ ಸಾಹಿತ್ಯದ ದೊಡ್ಡ ದೊಡ್ಡ ಪದ ಹುಡುಕಿಲ್ಲ. ಆ ವಯಸ್ಸಿನವರು ಆ ಊರಲ್ಲಿ ಒಬ್ಬರಿಗೊಬ್ಬರು ಹೇಗೆ ಮಾತಾಡ್ತಾರೋ ಹಾಗೇ ಇದೆ. ಅರ್ಧ ವ್ಯಂಗ್ಯ, ಅರ್ಧ ಗೊಣಗಾಟ, ಮಧ್ಯೆ ಒಂದು ಜೋಕು.

ಈಗ ಎರಡನೇ ಗುಂಪಿನವರ ಮಾತಿಗೆ ಬರೋಣ. ಅವಕಾಶ ಇತ್ತು ಅನ್ನೋದು ನಿಜ. ಅದನ್ನ ಮುಚ್ಚಿಟ್ಟು ಈ ಕಥೆ ಹೇಳೋದು ಮೋಸ. ಅಪ್ಪ ಪ್ಯಾಟ್ರಿಕ್ ಓಕಾನೆಲ್, ಅಮ್ಮ ಮ್ಯಾಗಿ ಬೇರ್ಡ್, ಇಬ್ಬರೂ ನಟರು. ಮಕ್ಕಳನ್ನ ಸ್ಕೂಲಿಗೆ ಕಳಿಸದೆ ಮನೆಯಲ್ಲೇ ಓದಿಸಿದ್ರು. ಬಿಲ್ಲಿ ಎಂಟನೇ ವಯಸ್ಸಿಗೇ ಲಾಸ್ ಏಂಜಲಿಸ್ ಚಿಲ್ಡ್ರನ್ಸ್ ಕೋರಸ್ ಸೇರಿದ್ಲು. ಹಾಡು ಬರೆಯೋದು ಹೇಗೆ ಅಂತ ಅಮ್ಮನೇ ಮಕ್ಕಳಿಗೆ ಕ್ಲಾಸ್ ತಗೊಳ್ತಿದ್ರು. ಟಿವಿಯಲ್ಲಿ ಏನಾದ್ರೂ ನೋಡಿ ಅದರಿಂದ ಹಾಡಿಗೆ ಸಾಲು ಆರಿಸಿ ಅಂತ ಹೋಮ್‌ವರ್ಕ್ ಕೊಟ್ಟಾಗ ಬಿಲ್ಲಿ 'ದಿ ವಾಕಿಂಗ್ ಡೆಡ್' ನೋಡಿ ಹಾಡು ಬರೆದ್ಲು. ಇನ್ನು ದುಡ್ಡಿನ ವಿಷಯ. ಆಲ್ಬಮ್ ಬರೋ ಹೊತ್ತಿಗೆ ಅವಳು ಇಂಟರ್‌ಸ್ಕೋಪ್ ಅನ್ನೋ ದೊಡ್ಡ ಲೇಬಲ್ ಜೊತೆ ಇದ್ಲು. ಪ್ರಚಾರ, ವಿಡಿಯೋ, ಟೂರ್ ಎಲ್ಲದಕ್ಕೂ ಅದರ ಬಲ ಇತ್ತು. ಬೆಡ್‌ರೂಮಲ್ಲಿ ಮಾಡಿದ ಎಲ್ಲಾ ಹಾಡೂ ಗ್ರ್ಯಾಮಿಗೆ ಹೋಗಲ್ಲ. ಅಂದು ಸ್ಟೇಜ್ ಮೇಲೆ ನಿಂತು ಫಿನಿಯಸ್ ಈ ಪ್ರಶಸ್ತಿ ಬೆಡ್‌ರೂಮುಗಳಲ್ಲಿ ಸಂಗೀತ ಮಾಡ್ತಿರೋ ಎಲ್ಲಾ ಮಕ್ಕಳಿಗೂ, ನಿಮಗೂ ಒಂದು ಸಿಗುತ್ತೆ ಅನ್ನೋ ಅರ್ಥದಲ್ಲಿ ಮಾತಾಡಿದ. ಕೇಳೋಕೆ ಚೆಂದ. ಆದ್ರೆ ಪ್ರಾಬಬಿಲಿಟಿ ಓದಿದವರು ಯಾರೂ ಅದನ್ನ ಅಕ್ಷರಶಃ ತಗೊಳ್ಳಲ್ಲ.

ಆದ್ರೆ ಇದೇ ಪಟ್ಟಿಯಲ್ಲಿ ದುಡ್ಡಿಂದ ಬರದೇ ಇರೋದು ಯಾವುದು ಅಂತ ಹುಡುಕಿ. ಆ ಮನೆಯಲ್ಲಿ ಇದ್ದಿದ್ದು ಎರಡು ಬೆಡ್‌ರೂಮು. ಅವೆರಡನ್ನೂ ಮಕ್ಕಳಿಗೆ ಬಿಟ್ಟು ಅಪ್ಪ ಅಮ್ಮ ಹಾಲಿನಲ್ಲಿ ಮಲಗ್ತಿದ್ರು. ಅಷ್ಟೇನೂ ಶ್ರೀಮಂತರ ಮನೆಯ ಲಕ್ಷಣ ಅಲ್ಲ ಅದು. ಅಲ್ಲಿ ಮಕ್ಕಳ ಹಾಡಿಗೆ ಜಾಗ ಮಾಡಿಕೊಟ್ಟಿದ್ರು. ಏನೂ ಆಗದೇ ಇರೋಕೂ ಟೈಮ್ ಇತ್ತು. 2015ರ ನವೆಂಬರಿನಲ್ಲಿ 'ಓಷನ್ ಐಸ್' ಹಾಡನ್ನ ಸೌಂಡ್‌ಕ್ಲೌಡ್‌ಗೆ ಹಾಕಿದಾಗ ಬಿಲ್ಲಿಗೆ ಇನ್ನೂ 13. ಫಿನಿಯಸ್ ಅದನ್ನ ತನ್ನ ಬ್ಯಾಂಡಿಗೆ ಅಂತ ಬರೆದಿದ್ದ. ಬಿಲ್ಲಿಯ ಡ್ಯಾನ್ಸ್ ಟೀಚರ್ ಕುಣಿತಕ್ಕೆ ಒಂದು ಹಾಡು ಬೇಕು ಅಂದಿದ್ದಕ್ಕೆ ತಂಗಿ ಕೈಲಿ ಹಾಡಿಸಿ ಅಪ್‌ಲೋಡ್ ಮಾಡಿದ. ಅಲ್ಲಿಂದ ಮೊದಲ ಪೂರ್ತಿ ಆಲ್ಬಮ್‌ಗೆ ಮೂರು ವರ್ಷಕ್ಕಿಂತ ಜಾಸ್ತಿ ಹಿಡೀತು. ಇಬ್ಬರಲ್ಲಿ ಒಬ್ಬರು ಬರೆದಿದ್ದನ್ನ ಇನ್ನೊಬ್ಬರು ಪಕ್ಕದಲ್ಲೇ ಕೂತು ಕೇಳ್ತಿದ್ರು, ಬೇಡ ಅಂತಿದ್ರು, ಮತ್ತೆ ಬರೀತಿದ್ರು. 2021ರಲ್ಲಿ ಬಂದ 'ದಿ ವರ್ಲ್ಡ್ಸ್ ಅ ಲಿಟಲ್ ಬ್ಲರ್ರಿ' ಡಾಕ್ಯುಮೆಂಟರಿಯಲ್ಲಿ ಇದನ್ನ ಕಣ್ಣಾರೆ ನೋಡಬಹುದು. ಅದರಲ್ಲಿ ಇರೋದು ಮನೆ, ಮಂಚ, ಬೇಜಾರು, ಜಗಳ, ಅಮ್ಮ ಬಂದು ಮಾತಾಡಿಸೋದು.

ಒಂದು ಜಾಗ, ಸ್ವಲ್ಪ ಟೈಮ್, ಮುಲಾಜಿಲ್ಲದೆ ಕೇಳೋ ಇನ್ನೊಂದು ಕಿವಿ. ಮೂರರಲ್ಲಿ ನಮಗೆ ಯಾವುದು ಇದೆ?

ಟೈಮ್ ಕಡಿಮೆ, ಒಪ್ಪೋಣ. 85 ಪರ್ಸೆಂಟ್ ಅಟೆಂಡೆನ್ಸ್, ಮೂರು ವಾರಕ್ಕೊಂದು ಇಂಟರ್ನಲ್ಸ್, ರೆಕಾರ್ಡ್ ಬುಕ್ಕು, ಯಾವುದೋ ಸೆಮ್‌ನ ಬ್ಯಾಕ್‌ಲಾಗು. ಮನೆಯಲ್ಲೇ ಓದಿದ ಹುಡುಗಿಯ ದಿನಕ್ಕೂ ನಮ್ಮ ದಿನಕ್ಕೂ ಹೋಲಿಕೆ ಇಲ್ಲ. ಆದ್ರೆ ರೂಮ್‌ಮೇಟ್ ಅನ್ನೋ ಪ್ರಾಣಿ ಇರೋ ತನಕ ಇನ್ನೊಂದು ಕಿವಿಗೆ ಬರ ಇಲ್ಲ. ಜಾಗ ಅಂದ್ರೆ ಹಾಸ್ಟೆಲ್ ರೂಮು. ಫ್ಯಾನ್ ಆಫ್ ಮಾಡಿ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಕಂಬಳಿ ಹೊದ್ಕೊಂಡು ಫೋನಲ್ಲೇ ಹಾಡು ರೆಕಾರ್ಡ್ ಮಾಡೋರು ಎಲ್ಲಾ ಬ್ಲಾಕ್‌ನಲ್ಲೂ ಇದ್ದಾರೆ. ನಮ್ಮಲ್ಲಿ ಹಾಡು ಬರೆಯೋರ ಕೊರತೆ ಇಲ್ಲ. ಬರೆದಿದ್ದು ಫೋನಿನ ವಾಯ್ಸ್ ಮೆಮೋ ಬಿಟ್ಟು ಹೊರಗೆ ಬರಲ್ಲ, ಅಷ್ಟೇ.

ಯಾಕೆ ಬರಲ್ಲ ಅನ್ನೋದಕ್ಕೆ ನಮಗೆ ಕಾಣೋ ದೊಡ್ಡ ಕಾರಣ ಭಾಷೆ. ನಮ್ಮಲ್ಲಿ ಬಹಳ ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೇಲಿ ಕನ್ನಡ, ಗೆಳೆಯರ ಜೊತೆ ಕನ್ನಡಕ್ಕೆ ಇಂಗ್ಲಿಷ್ ಬೆರೆಸಿದ ಮಾತು, ಪರೀಕ್ಷೆಯಲ್ಲಿ ಇಂಗ್ಲಿಷ್. ಹಾಡು ಬರೆಯೋಕೆ ಕೂತಾಗ ಎರಡು ದಾರಿ ಕಾಣುತ್ತೆ. ಇಂಗ್ಲಿಷಲ್ಲಿ ಬರೆದ್ರೆ ಹೈವೇ, ವಿಂಟರ್, ವಿಸ್ಕಿ ತಾವಾಗೇ ಬಂದು ಕೂರ್ತವೆ. ಅದು ನಾವು ಕೇಳಿದ ಹಾಡುಗಳಿಂದ ಬಂದಿದ್ದು, ನಾವು ಓಡಾಡೋ ರಸ್ತೆಯಿಂದ ಬಂದಿದ್ದಲ್ಲ. ಕನ್ನಡದಲ್ಲಿ ಬರೆದ್ರೆ ಒಲವು, ಮುಂಗಾರು, ಕಂಬನಿ. ಇವು ಒಳ್ಳೆ ಪದಗಳೇ. ಆದ್ರೆ ಮೆಸ್ಸಿನಲ್ಲಿ ಕೂತು ಯಾರೂ ಯಾರಿಗೂ 'ನನ್ನ ಕಂಬನಿ' ಅನ್ನಲ್ಲ. ಎರಡೂ ಬೇರೆಯವರ ಬಟ್ಟೆ ಹಾಕ್ಕೊಂಡ ಹಾಗೆ ಇರುತ್ತೆ. ಹಾಡಿದವರಿಗೇ ಮುಜುಗರ ಆಗಿ ಫೈಲ್ ಅಲ್ಲೇ ಉಳಿಯುತ್ತೆ.

ಮಧ್ಯದಲ್ಲಿ ಮೂರನೇ ಒಂದು ಕನ್ನಡ ಇದೆ, ನಾವು ದಿನಾ ಆಡೋದು. 'ಸಪ್ಲಿ ಬಂತು ಮಚ್ಚಾ, ಮನೇಲಿ ಹೇಳಿಲ್ಲ ಇನ್ನೂ' ಅನ್ನೋ ಮಾತಿನಲ್ಲಿ ಇರೋ ಭಯ ಯಾವ ಮಂಚದ ಕೆಳಗಿನ ಭೂತಕ್ಕೂ ಕಡಿಮೆ ಇಲ್ಲ. ಅದರ ಮೇಲೆ ಹಾಡು ಯಾಕಿಲ್ಲ? ಪ್ಲೇಸ್‌ಮೆಂಟ್ ಲಿಸ್ಟಿನಲ್ಲಿ ಹೆಸರು ಹುಡುಕೋ ಬೆರಳು, ಭಾನುವಾರ ರಾತ್ರಿ ಊರಿಂದ ವಾಪಸ್ ಬರೋ ಕೆಂಪು ಬಸ್ಸು, ಫೋನಲ್ಲಿ 'ಊಟ ಆಯ್ತಾ' ಅಂತ ಮಾತ್ರ ಕೇಳಿ ಇನ್ನೇನೂ ಕೇಳೋಕೆ ಗೊತ್ತಾಗದ ಅಪ್ಪ. ಸದ್ದುಗಳ ಲೆಕ್ಕ ಹಾಕಿದ್ರೆ ಕಂಡಕ್ಟರ್ ಸೀಟಿ, ಕುಕ್ಕರ್ ಕೂಗು, ಲ್ಯಾಬಿನ ಫಂಕ್ಷನ್ ಜನರೇಟರ್, ಹಾಸ್ಟೆಲ್ ಮೆಸ್ಸಲ್ಲಿ ಸ್ಟೀಲ್ ತಟ್ಟೆ ಒಂದರ ಮೇಲೊಂದು ಬೀಳೋದು. ಅಲ್ಲಿ ಹಲ್ಲಿನ ಡ್ರಿಲ್ ಹಾಡಾಯ್ತು. ಇಲ್ಲಿ ಕುಕ್ಕರ್ ಕೂಗಿದ ತಕ್ಷಣ ನಾವು 'ಥೂ, ಟೇಕ್ ಹಾಳಾಯ್ತು' ಅಂತ ರೆಕಾರ್ಡಿಂಗ್ ನಿಲ್ಲಿಸ್ತೀವಿ.

ಇದು ಅಮೆರಿಕದವರಿಂದ ಕಲೀಬೇಕಾದ ಪಾಠ ಅಂತ ಯಾರಾದ್ರೂ ಅಂದ್ಕೊಂಡ್ರೆ, ಹತ್ತೊಂಬತ್ತನೇ ಶತಮಾನದ ಶಿಶುನಾಳ ಶರೀಫರನ್ನ ನೆನಪಿಸಿಕೊಳ್ಳಿ. ಸೋರೋ ಮಾಳಿಗೆ, ಸೇದೋ ಗುಡುಗುಡಿ, ಮನೆ ಕೋಳಿ, ಎಲ್ಲಾ ಅವರ ಪದಗಳಲ್ಲಿ ಇವೆ. ಅದೂ ಅವರ ಕಡೆಯ ಆಡುಮಾತಿನಲ್ಲಿ. ಮೈಸೂರಿನ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಆ ಮಾಳಿಗೆ ಮತ್ತು ಗುಡುಗುಡಿಯ ಪದಗಳನ್ನೇ ಗಿಟಾರು ಡ್ರಮ್ಸ್ ಜೊತೆ ಹಾಡಿದ್ರು. ನಮ್ಮ ಬ್ಯಾಂಡುಗಳು ಇವತ್ತಿಗೂ ಅವನ್ನ ಕವರ್ ಮಾಡ್ತವೆ. ಶರೀಫರ ಮನೆಯ ಮಾಳಿಗೆ ಬಗ್ಗೆ ಹಾಡೋಕೆ ನಮಗೆ ನಾಚಿಕೆ ಇಲ್ಲ. ನಮ್ಮ ಹಾಸ್ಟೆಲ್ಲಿನ ಸೋರೋ ಬಾತ್‌ರೂಮಿನ ಬಗ್ಗೆ ಬರೆದ್ರೆ ಮಾತ್ರ ಅದು 'ಕಾಮಿಡಿ ಸಾಂಗ್' ಆಗಿಬಿಡುತ್ತೆ.

ಇಲ್ಲಿ ನಮ್ಮದೇ ಕನ್ನಡ ಸಂಘಗಳಿಗೂ ಒಂದು ಮಾತು ಹೇಳಬೇಕು. ಇಂಗ್ಲಿಷ್ ಬೆರೆತ ಸಾಲು ಕೇಳಿದ ತಕ್ಷಣ 'ಇದೇನ್ ಕಂಗ್ಲಿಷ್' ಅಂತ ಮೂಗು ಮುರಿಯೋ ಅಭ್ಯಾಸ ಸಂಘಗಳಲ್ಲಿ ಇದೆ. ಕಾಳಜಿಯಿಂದಲೇ ಬಂದಿದ್ದು ಅದು, ಗೊತ್ತು. ಹೀಗೇ ಬಿಟ್ರೆ ಕನ್ನಡ ಪದಗಳೇ ಹೋಗಿಬಿಡುತ್ತೆ ಅನ್ನೋ ಭಯ ಸುಳ್ಳಲ್ಲ. ಆದ್ರೆ ಪರಿಣಾಮ ಏನು ನೋಡಿ. ಬೈಸ್ಕೊಂಡವರು ಶುದ್ಧ ಕನ್ನಡಕ್ಕೆ ಬರಲ್ಲ, ಇಂಗ್ಲಿಷ್‌ಗೆ ಹೋಗ್ತಾರೆ. ಅಲ್ಲಿ ಯಾರೂ ಅವರ ವ್ಯಾಕರಣ ತಿದ್ದಲ್ಲ. ಹಾಡು ಬರೆಯೋ ಅಭ್ಯಾಸ ಕನ್ನಡದಲ್ಲಿ ಶುರುವಾದ್ರೆ ಪದಗಳು ಆಮೇಲೆ ತಾವೇ ಬೇಕು ಅನ್ನಿಸ್ತವೆ. ಐದನೇ ಹಾಡಿನ ಹೊತ್ತಿಗೆ ಪ್ರಾಸಕ್ಕಾದ್ರೂ ಅಜ್ಜಿಗೆ ಫೋನ್ ಮಾಡಬೇಕಾಗುತ್ತೆ.

ಫೆಸ್ಟುಗಳ ರೂಲ್ ಬುಕ್ ಕೂಡ ಇದೇ ಕಥೆ. ಸೋಲೋ ಸಿಂಗಿಂಗ್, ಭಾವಗೀತೆ, ಬ್ಯಾಟಲ್ ಆಫ್ ದಿ ಬ್ಯಾಂಡ್ಸ್, ಎಲ್ಲದರಲ್ಲೂ ಬೇರೆಯವರ ಹಾಡನ್ನ ಎಷ್ಟು ಚೆನ್ನಾಗಿ ಹಾಡಿದ್ರಿ ಅನ್ನೋದಕ್ಕೆ ಮಾರ್ಕ್ಸು. ಸ್ವಂತ ಹಾಡಿಗೆ ಜಾಗ ಇದ್ರೂ ಅದು ಬೋನಸ್ ಪಾಯಿಂಟ್. ಸೆಟ್‌ಗೆ ಇರೋದು ಹದಿನೈದು ನಿಮಿಷ. ಆಡಿಯನ್ಸ್‌ಗೆ ಗೊತ್ತಿಲ್ಲದ ಹಾಡಿಗೆ ನಾಲ್ಕು ನಿಮಿಷ ಕೊಟ್ಟು ರಿಸ್ಕ್ ತಗೊಳ್ಳೋ ಬದಲು ಎಲ್ಲರಿಗೂ ಬಾಯಿಗೆ ಬರೋ ಸಿನಿಮಾ ಹಾಡು ಹಾಕೋದು ಬ್ಯಾಂಡಿನ ದೃಷ್ಟಿಯಿಂದ ಸರಿಯಾದ ಲೆಕ್ಕಾನೇ. ಕವರ್ ಹಾಡೋದು ಕೆಟ್ಟದ್ದಲ್ಲ, ಎಲ್ಲರೂ ಅಲ್ಲಿಂದಲೇ ಕಲಿಯೋದು. ಆದ್ರೆ ನಾಲ್ಕು ವರ್ಷ ಪೂರ್ತಿ ಅಲ್ಲೇ ಇದ್ದು, ಕಾನ್ವೊಕೇಶನ್ ದಿನ ಗಿಟಾರನ್ನ ಜೂನಿಯರ್‌ಗೆ ಮಾರಿ ಹೋಗೋದು ನಮ್ಮ ಕಡೆಯ ಸಾಮಾನ್ಯ ಕಥೆ ಆಗಿಬಿಟ್ಟಿದೆ. ಕೆಲಸ ಸಿಕ್ಕಿದ ಮೇಲೆ ಬರೀತೀನಿ ಅಂದವರು ಬರೆದಿದ್ದನ್ನ ನೋಡಿದವರು ಕಡಿಮೆ. ಕಳೆದುಹೋಗೋದು ಆ ಹಾಡುಗಳಷ್ಟೇ ಅಲ್ಲ. ಹತ್ತೊಂಬತ್ತು ವರ್ಷದವರು ಈ ಊರಲ್ಲಿ, ಈ ಕಾಲದಲ್ಲಿ ಏನಕ್ಕೆ ಹೆದರ್ತಿದ್ರು, ಏನಕ್ಕೆ ನಗ್ತಿದ್ರು ಅನ್ನೋದು ಕನ್ನಡದಲ್ಲಿ ಎಲ್ಲೂ ಉಳಿಯದೆ ಹೋಗುತ್ತೆ.

ಹಾಗಾಗಿ ನಮ್ಮ ಸಂಘದ ಮುಂದೆ ಮೂರು ಬೇಡಿಕೆ ಇಡ್ತೀವಿ. ಯಾವುದಕ್ಕೂ ಸ್ಪಾನ್ಸರ್ ಬೇಕಿಲ್ಲ.

ಒಂದು, ಸಂಘದ ರೂಮನ್ನ ವಾರಕ್ಕೆ ಎರಡು ಸಂಜೆ ರೆಕಾರ್ಡಿಂಗ್‌ಗೆ ಬಿಟ್ಟುಕೊಡಿ. ಗೋಡೆಗೆ ಹಳೇ ಹಾಸಿಗೆ ಒರಗಿಸಿ, ಎಲ್ಲರೂ ಸೇರಿ ಒಂದು ಇಂಟರ್‌ಫೇಸು, ಒಂದು ಮೈಕ್ ತಗೊಂಡ್ರೆ ಸಾಕು. ಆಡಾಸಿಟಿ ಸಾಫ್ಟ್‌ವೇರ್ ಹೇಗೂ ಉಚಿತ. ಇ ಅಂಡ್ ಸಿ ಬ್ರಾಂಚಿನವರು ಮಿಕ್ಸಿಂಗ್ ಕಲಿಯೋಕೆ ಇದಕ್ಕಿಂತ ಒಳ್ಳೆ ಮಿನಿ ಪ್ರಾಜೆಕ್ಟ್ ಸಿಗಲ್ಲ. ಆ ಕೋಣೆಯ 50 ಹರ್ಟ್ಸ್ ಸಮಸ್ಯೆಯನ್ನ ಅಳೆದು ನೋಡೋದರಿಂದಲೇ ಶುರು ಮಾಡಬಹುದು.

ಎರಡು, ನವೆಂಬರ್ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಸ್ವಂತ ಹಾಡುಗಳಿಗೆ ಮಾತ್ರ ಇಡಿ. ಅದಕ್ಕೆ ಬಹುಮಾನವೂ ಬೇಡ, ಜಡ್ಜೂ ಬೇಡ. ಚೆನ್ನಾಗಿಲ್ಲದ ಹಾಡು ಬರುತ್ತೆ, ಖಂಡಿತ ಬರುತ್ತೆ. ಹದಿಮೂರು ವರ್ಷದವಳ ಒಂದು ಹಾಡಿಗೂ ಗ್ರ್ಯಾಮಿ ರಾತ್ರಿಗೂ ಮಧ್ಯೆ ನಾಲ್ಕು ವರ್ಷ ಇತ್ತು ಅನ್ನೋದು ನೆನಪಿದ್ರೆ ಅರ್ಧ ಗಂಟೆ ಸಹಿಸೋದು ಕಷ್ಟ ಅಲ್ಲ.

ಮೂರು, ಈ ಮ್ಯಾಗಝೀನಿನಲ್ಲಿ ಕ್ಯಾಂಪಸ್ ಹಾಡುಗಳ ಬಗ್ಗೆ ಬರೆಯೋಣ. ಸಿನಿಮಾ ರಿವ್ಯೂಗೆ ಎರಡು ಪುಟ ಕೊಡೋ ಜಾಗದಲ್ಲಿ ಪಕ್ಕದ ಬ್ಲಾಕಿನವರ ಹಾಡಿಗೆ ಅರ್ಧ ಪುಟ. ಸೂಪರ್ ಮಗಾ ಅಂತ ಮಾತ್ರ ಬರೆದ್ರೆ ಆಗಲ್ಲ. ಎರಡನೇ ಚರಣ ಯಾಕೆ ಸಪ್ಪೆ ಆಯ್ತು, ಬೇಸ್ ಯಾಕೆ ಧ್ವನಿಯನ್ನ ಮುಚ್ಚಿಬಿಡ್ತು, ಯಾವ ಸಾಲು ತಲೆಯಲ್ಲಿ ಉಳೀತು ಅಂತ ಬಿಡಿಸಿ ಬರೀಬೇಕು. ಫಿನಿಯಸ್‌ಗೆ ಬಿಲ್ಲಿ, ಬಿಲ್ಲಿಗೆ ಫಿನಿಯಸ್ ಇದ್ದ ಹಾಗೆ, ಎಲ್ಲರಿಗೂ ಮನೆಯಲ್ಲಿ ಅಣ್ಣ ತಂಗಿ ಇರಲ್ಲ. ಆ ಕಿವಿಯ ಕೆಲಸವನ್ನ ಒಂದು ಸಂಘ ಮಾಡಬಹುದು.

ಈ ಆಲ್ಬಮ್ ಇನ್ನೂ ಕೇಳಿಲ್ಲದವರು 43 ನಿಮಿಷ ಬಿಡುವು ಮಾಡ್ಕೊಳ್ಳಿ. ಇಯರ್‌ಫೋನ್ ಹಾಕಿ, ರಾತ್ರಿ ಲೈಟ್ ಆಫ್ ಆದ ಮೇಲೆ. ಇಷ್ಟ ಆಗದೇ ಇದ್ರೂ ಪರವಾಗಿಲ್ಲ, ಎಲ್ಲರಿಗೂ ಪಿಸುಮಾತಿನ ಹಾಡು ಹಿಡಿಸಲ್ಲ. ಮಾರನೇ ದಿನ ನಿಮ್ಮ ಫೋನಲ್ಲಿ ಮಲಗಿರೋ ಆ ವಾಯ್ಸ್ ಮೆಮೋವನ್ನ, ಹಿಂದೆ ಕುಕ್ಕರ್ ಕೂಗ್ತಿದ್ರೂ ಸರಿ, ರೂಮ್‌ಮೇಟ್‌ಗೆ ಒಂದು ಸಲ ಕೇಳಿಸಿ. ನವೆಂಬರಿಗೆ ಇನ್ನೂ ಟೈಮ್ ಇದೆ.